ನೀಲ್‌ಗಿಂತ ಮೊದಲು ಕೂತಿದ್ದವನು

2025ರ ಅಕ್ಟೋಬರಿನಲ್ಲಿ ಆ ಸುದ್ದಿ ಬಂದಾಗ ನಮ್ಮ ಹಳೇ ಕಾಲೇಜು ಗೆಳೆಯರ ವಾಟ್ಸಾಪ್ ಗುಂಪಿಗೆ ಜೀವ ಬಂತು. ಹುಟ್ಟುಹಬ್ಬದ ಕೇಕು, ಗುಡ್ ಮಾರ್ನಿಂಗ್ ಹೂವು ಬಿಟ್ಟರೆ ಬೇರೇನೂ ಕಾಣದ ಗುಂಪು ಅದು. ಕೆನಡಾದ ಹಳೇ ರಾಕ್ ಬ್ಯಾಂಡು ರಶ್ ಮತ್ತೆ ಪ್ರವಾಸ ಹೊರಡುತ್ತದಂತೆ, 2026ರಲ್ಲಿ. ಬೇಸ್ ಗಿಟಾರ್ ನುಡಿಸುತ್ತಾ ಹಾಡುವ ಗೆಡ್ಡಿ ಲೀ, ಗಿಟಾರಿನ ಅಲೆಕ್ಸ್ ಲೈಫ್‌ಸನ್ ಇಬ್ಬರಿಗೂ ಎಪ್ಪತ್ತು ದಾಟಿದೆ. ಡ್ರಮ್ಸ್ ಬಾರಿಸುವವಳು ಜರ್ಮನಿಯ ಆನಿಕಾ ನಿಲೆಸ್. ಅವತ್ತು ರಾತ್ರಿ ಗುಂಪಿನಲ್ಲಿ ಒಂದೇ ಜಗಳ. ಬ್ಯಾಂಡಿನ ಡ್ರಮ್ಮರ್ ನೀಲ್ ಪಿಯರ್ಟ್ ಕೂತ ಜಾಗದಲ್ಲಿ ಇನ್ನೊಬ್ಬರು ಕೂರಬಹುದಾ? ನೀಲ್ 2020ರ ಜನವರಿಯಲ್ಲಿ ತೀರಿಹೋದ. ಅವನ ಡ್ರಮ್ಸ್ ಕೇಳಿಯೇ ನಮ್ಮಲ್ಲಿ ಅರ್ಧ ಜನ ಹಾಸ್ಟೆಲ್ಲಿನ ಮೇಜು, ಊಟದ ತಟ್ಟೆ ಎಲ್ಲ ಬಡಿದು ಹಾಳು ಮಾಡಿದ್ದು. 'ಆ ಜಾಗ ಮೊದಲಿಂದಲೂ ನೀಲ್‌ದು, ಮುಗೀತು' ಎಂದು ಒಬ್ಬ ಬರೆದ. ಸಾಲಾಗಿ ಹೆಬ್ಬೆರಳುಗಳು ಬಂದು ಬಿದ್ದವು.

ಮೊದಲಿಂದಲೂ ಅಲ್ಲ. ಆರು ವರ್ಷ ಅಲ್ಲಿ ಬೇರೊಬ್ಬ ಕೂತಿದ್ದ. ಹೆಸರು ಜಾನ್ ರಟ್ಸಿ. ಗುಂಪಿನಲ್ಲಿ ನಾನು ಅದನ್ನು ಬರೆಯಲಿಲ್ಲ, ಬರೆದರೆ ಜಗಳ ಇನ್ನೂ ಉದ್ದ ಆಗುತ್ತಿತ್ತು. ಆದರೆ ತಲೆಯಿಂದ ಹೋಗಲಿಲ್ಲ. ರಶ್ ಅಭಿಮಾನಿಗಳಿಗೆ ಜಾನ್ ಗೊತ್ತಿಲ್ಲ ಅಂತಲ್ಲ. ಗೊತ್ತು, ಆದರೆ ಅವನು ಯಾವಾಗಲೂ ಒಂದೇ ವಾಕ್ಯದಲ್ಲಿ ಬಂದು ಹೋಗುತ್ತಾನೆ. 'ಮೊದಲ ಆಲ್ಬಮ್ಮಿನಲ್ಲಿ ಜಾನ್ ರಟ್ಸಿ ಇದ್ದ, ಆಮೇಲೆ ನೀಲ್ ಬಂದ.' ಅಷ್ಟೇ. ಕಾಲೇಜಿನಲ್ಲಿ ನಮಗೆ ಕ್ಯಾಸೆಟ್ ಕೊಡುತ್ತಿದ್ದ ಸೀನಿಯರ್ ಒಬ್ಬರಂತೂ ಎರಡನೇ ಆಲ್ಬಮ್ಮಿನಿಂದಲೇ ಶುರು ಮಾಡಿಸುತ್ತಿದ್ದರು. 'ಮೊದಲನೇದು ಬಿಡ್ರೋ, ಅದು ರಶ್ ಅಲ್ಲ' ಅನ್ನುತ್ತಿದ್ದರು. ಹಾಗಾದರೆ ಆ ಆರು ವರ್ಷ ಟೊರೊಂಟೊದಲ್ಲಿ ನುಡಿಸಿದ್ದು ಯಾರು?

ಎದುರುಮನೆ ಹುಡುಗರು

ಟೊರೊಂಟೊದ ಉತ್ತರಕ್ಕೆ ವಿಲೋಡೇಲ್ ಅಂತ ಒಂದು ಬಡಾವಣೆ. ಅಲೆಕ್ಸ್ ಮತ್ತು ಜಾನ್ ಅಲ್ಲಿ ಎದುರುಬದುರು ಮನೆಯವರು. ಅಲೆಕ್ಸ್‌ನ ಅಪ್ಪ ಅಮ್ಮ ಸೆರ್ಬಿಯಾ ಕಡೆಯಿಂದ ವಲಸೆ ಬಂದವರು, ಮನೆತನದ ಹೆಸರು ಜಿವೊಯಿನೊವಿಚ್. ಲೈಫ್‌ಸನ್ ಆಮೇಲೆ ಇಟ್ಟುಕೊಂಡ ಹೆಸರು. ಶಾಲೆಯ ಇನ್ನೊಬ್ಬ ಗೆಳೆಯ ಗೆಡ್ಡಿಯ ಅಪ್ಪ ಅಮ್ಮ ಪೋಲೆಂಡಿನ ಯಹೂದಿಗಳು. ಆಶ್ವಿಟ್ಜ್ ಶಿಬಿರದಿಂದ ಬದುಕಿ ಹೊರಗೆ ಬಂದವರು. ಗೆಡ್ಡಿಗೆ ಹನ್ನೆರಡಾಗಿದ್ದಾಗ ಅಪ್ಪ ತೀರಿಹೋದರು, ಅಂಗಡಿಯನ್ನೂ ಮಕ್ಕಳನ್ನೂ ಅಮ್ಮ ಒಬ್ಬರೇ ನೋಡಿಕೊಂಡರು. ಹುಡುಗನ ನಿಜವಾದ ಹೆಸರು ಗ್ಯಾರಿ. ಅಮ್ಮನ ಪೋಲಿಶ್ ಬಾಯಲ್ಲಿ ಅದು ಗೆಡ್ಡಿ ಅಂತ ಕೇಳುತ್ತಿತ್ತು. ಗೆಳೆಯರು ಅದನ್ನೇ ಹಿಡಿದುಕೊಂಡರು.

1968ರ ಸೆಪ್ಟೆಂಬರಿನಲ್ಲಿ ಅಲೆಕ್ಸ್, ಜಾನ್ ಮತ್ತು ಬೇಸ್ ನುಡಿಸುತ್ತಾ ಹಾಡುತ್ತಿದ್ದ ಜೆಫ್ ಜೋನ್ಸ್ ಸೇರಿ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ನುಡಿಸಿದರು. ಬಡಾವಣೆಯ ಹುಡುಗರು ಕಾಫಿ ಕುಡಿಯುತ್ತಾ ಕೂರಲಿ ಎಂದು ಚರ್ಚಿನವರು ಮಾಡಿಕೊಟ್ಟಿದ್ದ ಜಾಗ ಅದು. ಕಾರ್ಯಕ್ರಮ ಹತ್ತಿರ ಬಂದರೂ ಬ್ಯಾಂಡಿಗೆ ಹೆಸರಿರಲಿಲ್ಲ. ರಶ್ ಎನ್ನುವ ಹೆಸರು ಸೂಚಿಸಿದ್ದು ಜಾನ್‌ನ ಅಣ್ಣ ಬಿಲ್. ಜೆಫ್ ಜಾಸ್ತಿ ದಿನ ಉಳಿಯಲಿಲ್ಲ, ಅವನ ಜಾಗಕ್ಕೆ ಗೆಡ್ಡಿ ಬಂದ. ಅಲೆಕ್ಸ್ ಫೋನ್ ಮಾಡುತ್ತಿದ್ದದ್ದೇ ತನ್ನ ಆಂಪ್ಲಿಫೈಯರ್ ಸಾಲ ಕೇಳುವುದಕ್ಕೆ ಎಂದು ಗೆಡ್ಡಿ ಈಗಲೂ ತಮಾಷೆ ಮಾಡುತ್ತಾನೆ.

ಇಲ್ಲಿ ಯಾರೂ ಒತ್ತಿ ಹೇಳದ ಒಂದು ವಿಷಯ ಇದೆ. 1969ರಲ್ಲಿ ಗೆಡ್ಡಿಯನ್ನೇ ಕೆಲವು ತಿಂಗಳು ಬ್ಯಾಂಡಿನಿಂದ ಹೊರಗೆ ಹಾಕಿದ್ದರು. ಬ್ಯಾಂಡಿನ ಹೆಸರು ಹೇಡ್ರಿಯನ್ ಎಂದಾಯಿತು, ಬೇಸ್‌ಗೆ ಬೇರೆ ಹುಡುಗ ಬಂದ. ಅದು ನಡೆಯಲಿಲ್ಲ, ಗೆಡ್ಡಿಯನ್ನು ವಾಪಸ್ ಕರೆದರು, ಹೆಸರೂ ವಾಪಸ್ ಬಂತು. ಅಂದರೆ ಶುರುವಿನಲ್ಲಿ ಈ ಬ್ಯಾಂಡಿನಲ್ಲಿ ಯಾರ ಜಾಗವೂ ಗಟ್ಟಿ ಇರಲಿಲ್ಲ. ಆ ಹೊತ್ತಿಗೆ ಒಳಗೆ ಗಟ್ಟಿಯಾಗಿ ಕೂತಿದ್ದವನು ಜಾನ್. ಹೊರಗೆ ಹೋಗಿ ಬಂದವನು ಗೆಡ್ಡಿ. ಈಗ ಇದನ್ನು ಹೇಳಿದರೆ ತಲೆಕೆಳಗು ಮಾಡಿ ಹೇಳಿದ ಹಾಗೆ ಕೇಳುತ್ತದೆ, ಅಲ್ವಾ?

ಊಟದ ಮೇಜಿನ ದೃಶ್ಯ

ಅಲನ್ ಕಿಂಗ್ ಎನ್ನುವ ಕೆನಡಾದ ನಿರ್ದೇಶಕ ಎಪ್ಪತ್ತರ ದಶಕದ ಶುರುವಿನಲ್ಲಿ ಕೆಲವು ಹದಿಹರೆಯದವರನ್ನು ಹಳ್ಳಿಯ ಒಂದು ತೋಟದ ಮನೆಯಲ್ಲಿ ಇರಿಸಿ ಸಾಕ್ಷ್ಯಚಿತ್ರ ಮಾಡಿದ. ಅವರಲ್ಲಿ ಒಬ್ಬ ಅಲೆಕ್ಸ್. ಅದರ ಒಂದು ತುಣುಕನ್ನು 2010ರಲ್ಲಿ ರಶ್ ಬಗ್ಗೆ ಬಂದ ಸಾಕ್ಷ್ಯಚಿತ್ರದಲ್ಲೂ ಹಾಕಿದ್ದಾರೆ. ಅಪ್ಪ ಅಮ್ಮ ಮೇಜಿನ ಸುತ್ತ ಕೂತಿದ್ದಾರೆ. ಉದ್ದ ಕೂದಲಿನ ಮಗ ಇಸ್ಕೂಲು ಮುಗಿಸುವುದಿಲ್ಲ, ಸಂಗೀತ ಮಾಡುತ್ತೇನೆ ಅನ್ನುತ್ತಾನೆ. ಮೊದಲು ಓದು ಮುಗಿಸು, ಆಮೇಲೆ ಏನಾದರೂ ಮಾಡಿಕೋ ಎನ್ನುವುದು ಅವರ ಮಾತು. ಯಾರೂ ಕಿರುಚುವುದಿಲ್ಲ. ಹೊಸ ದೇಶಕ್ಕೆ ಬಂದು ದುಡಿದು ಮನೆ ಮಾಡಿಕೊಂಡವರಿಗೆ ಮಗ ಗಿಟಾರ್ ಹಿಡಿದು ಹೋಗುತ್ತೇನೆ ಅಂದರೆ ಹೊಟ್ಟೆಯಲ್ಲಿ ಏನಾಗುತ್ತದೋ ಅದು ಮುಖದ ಮೇಲೆ ಕಾಣುತ್ತದೆ, ಅಷ್ಟೇ. ಪಿಯುಸಿ ರಿಸಲ್ಟ್ ಬಂದ ವಾರ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಇದೇ ಮೇಜು, ಇದೇ ಮಾತು. ಭಾಷೆ ಬೇರೆ.

ಈ ದೃಶ್ಯವನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಇಷ್ಟವಾಗುವುದಕ್ಕೆ ಕಾರಣ ಹುಡುಗನ ಧೈರ್ಯ ಅಲ್ಲ. ಅವನ ಹತ್ತಿರ ವಾದಕ್ಕೆ ಏನೂ ಇಲ್ಲ, ಅದು. ರೆಕಾರ್ಡ್ ಇಲ್ಲ, ದುಡ್ಡಿಲ್ಲ, ಹೆಸರಿಲ್ಲ. ಅಪ್ಪನ ಮಾತೇ ಸರಿ ಎಂದು ಆ ಹೊತ್ತಿನಲ್ಲಿ ಯಾರಿಗಾದರೂ ಅನಿಸಬೇಕು. ಮುಂದೆ ಏನಾಯಿತು ಎಂದು ನಮಗೆ ಗೊತ್ತಿರುವುದರಿಂದ ಅಪ್ಪ ತಪ್ಪು ಅನಿಸುತ್ತದೆ. ಜಾನ್‌ನ ಮನೆಯ ಮೇಜನ್ನು ಯಾರೂ ಚಿತ್ರ ತೆಗೆಯಲಿಲ್ಲ. ಅಲ್ಲೂ ಇದೇ ಮಾತು ನಡೆದಿರಬಹುದು. ನಡೆದಿದ್ದರೆ, ಆ ಮನೆಯ ಹಿರಿಯರ ಮಾತು ಸರಿ ಅಂತ ನಾವು ಈಗ ಹೇಳುತ್ತೇವಾ?

ಹದಿನೆಂಟರ ಕಾನೂನು

ಬ್ಯಾಂಡುಗಳ ಕಥೆ ಹೇಳುವವರು ಕಾನೂನಿನ ಪುಸ್ತಕ ತೆಗೆಯುವುದಿಲ್ಲ. ಆದರೆ ರಶ್‌ನ ಕಥೆಯಲ್ಲಿ 1971ರ ಒಂದು ಕಾನೂನು ಯಾವ ಗಿಟಾರಿಗಿಂತಲೂ ದೊಡ್ಡದು. ಆ ವರ್ಷ ಒಂಟಾರಿಯೊ ಪ್ರಾಂತ್ಯ ಕುಡಿಯುವ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. ಅಲ್ಲಿಯವರೆಗೆ ಇವರು ನುಡಿಸುತ್ತಿದ್ದದ್ದು ಶಾಲೆಗಳ ಡಾನ್ಸ್ ಪಾರ್ಟಿಗಳಲ್ಲಿ, ಅದೂ ಆಗೊಮ್ಮೆ ಈಗೊಮ್ಮೆ. ಕಾನೂನು ಬದಲಾದ ಕೂಡಲೇ ಬಾರುಗಳ ತುಂಬ ಇವರ ವಯಸ್ಸಿನ ಹುಡುಗರು. ಬಾರಿನವರಿಗೂ ಜೋರಾಗಿ ನುಡಿಸುವ ಬ್ಯಾಂಡು ಬೇಕಾಯಿತು. ಗ್ಯಾಸ್‌ವರ್ಕ್ಸ್, ಆಬಿ ರೋಡ್ ಪಬ್ ಇಂಥ ಕಡೆ ವಾರಗಟ್ಟಲೆ ಕೆಲಸ ಸಿಕ್ಕಿತು, ಒಂದೊಂದು ರಾತ್ರಿಗೆ ನಾಲ್ಕೈದು ಸುತ್ತು. ಇವರಿಗಾಗಿ ಓಡಾಡುತ್ತಿದ್ದ ಮ್ಯಾನೇಜರ್ ರೇ ಡೇನಿಯಲ್ಸ್ ಕೂಡ ಹೆಚ್ಚುಕಡಿಮೆ ಇವರದೇ ವಯಸ್ಸಿನವನು.

ಈ ಬಾರುಗಳಲ್ಲಿ ಜನರ ಜತೆ ಮಾತಾಡುತ್ತಿದ್ದವನು ಜಾನ್. ಹಾಡುಗಾರ ಗೆಡ್ಡಿ, ಆದರೆ ಹಾಡು ಹಾಡಿನ ನಡುವೆ ಮೈಕಿನಲ್ಲಿ ಮಾತು, ತಮಾಷೆ, ಮುಂದಿನ ಹಾಡು ಯಾವುದು ಎಂದು ಹೇಳುವುದು, ಎಲ್ಲ ಡ್ರಮ್ಸ್ ಹಿಂದಿನಿಂದ ಬರುತ್ತಿತ್ತು. ನೀಲ್ ಇದ್ದ ನಲವತ್ತು ವರ್ಷದ ರಶ್ ನೋಡಿದವರಿಗೆ ಇದು ವಿಚಿತ್ರ ಅನಿಸುತ್ತದೆ. ನೀಲ್ ಮಾತಿನ ಮನುಷ್ಯನೇ ಅಲ್ಲ, ಅಭಿಮಾನಿಗಳು ಹತ್ತಿರ ಬಂದರೆ ಮುದುಡಿಕೊಳ್ಳುತ್ತಿದ್ದವನು. ಗ್ಯಾಸ್‌ವರ್ಕ್ಸ್‌ನಲ್ಲಿ ಬಿಯರ್ ಹಿಡಿದು ನಿಂತವನಿಗೆ ರಶ್ ಎಂದರೆ ಜಾನ್‌ನ ಮಾತು.

ಇನ್ನೊಂದು ಕಾನೂನೂ ಇತ್ತು, ಅದು ಇವರಿಗೆ ಕೈ ಕೊಟ್ಟಿತು. ಅದೇ 1971ರಿಂದ ಕೆನಡಾದ ಎಎಂ ರೇಡಿಯೊಗಳು ನೂರಕ್ಕೆ 30 ಭಾಗ ಕೆನಡಾದವರದೇ ಸಂಗೀತ ಹಾಕಬೇಕು ಎಂಬ ನಿಯಮ ಬಂತು. ದೇಶದ ಬ್ಯಾಂಡುಗಳಿಗೆ ಸುಗ್ಗಿ ಆಗಬೇಕಿತ್ತು. ಕೆಲವರಿಗೆ ಆಯಿತು ಕೂಡ. ಆದರೆ ರೇಡಿಯೊಗೆ ಬೇಕಾದದ್ದು ಮೂರು ನಿಮಿಷದ, ಗುನುಗಬಹುದಾದ ಹಾಡು. ಕಿವಿಗೆ ಚುಚ್ಚುವ ಎತ್ತರದ ದನಿ, ನಿಲ್ಲದ ಗಿಟಾರು ಅವರಿಗೆ ಬೇಡ. ಕಾನೂನು ಜಾಗ ಮಾಡಿಕೊಡುತ್ತದೆ, ಆ ಜಾಗದಲ್ಲಿ ಯಾರನ್ನು ಕೂರಿಸಬೇಕು ಎನ್ನುವುದು ಮಾತ್ರ ಹಳೇ ರುಚಿಯವರ ಕೈಯಲ್ಲೇ ಉಳಿಯುತ್ತದೆ. (ನಮ್ಮ ಕಡೆಯ ಎಫ್ಎಂ ಕೇಳುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.)

ಹರಿದು ಹಾಕಿದ ಸಾಲುಗಳು

ಯಾವ ಕಂಪನಿಯೂ ಕರೆಯಲಿಲ್ಲ. ಆಗ ಮ್ಯಾನೇಜರ್ ಕಡೆಯವರೇ ಮೂನ್ ರೆಕಾರ್ಡ್ಸ್ ಎಂದು ಒಂದು ಹೆಸರು ಮಾಡಿಕೊಂಡರು. 1973ರಲ್ಲಿ ಎರಡು ಹಾಡಿನ ಒಂದು ರೆಕಾರ್ಡ್ ತಟ್ಟೆ, ಅಂದರೆ ಸಿಂಗಲ್, ಬಂತು. ಒಂದು ಬದಿಗೆ ಅಮೆರಿಕದ ಹಾಡುಗಾರ ಬಡ್ಡಿ ಹಾಲಿಯ ಹಳೇ ಹಾಡು. ಇನ್ನೊಂದು ಬದಿಗೆ ತಮ್ಮದೇ ಹಾಡು, ಅದರ ಮೇಲೆ ಎರಡು ಹೆಸರು, ಲೀ ಮತ್ತು ರಟ್ಸಿ. ಆ ಕಾಲದ ರಶ್ ತಟ್ಟೆಗಳಲ್ಲಿ ಹಾಡು ಬರೆದವನು ಎಂದು ಜಾನ್‌ನ ಹೆಸರು ಇರುವುದು ಅಲ್ಲಿ ಮಾತ್ರ. ಆ ಸಿಂಗಲ್ ಓಡಲಿಲ್ಲ. ಅಕ್ಟೋಬರಿನಲ್ಲಿ ನ್ಯೂಯಾರ್ಕ್ ಡಾಲ್ಸ್ ಎನ್ನುವ ಅಮೆರಿಕದ ಬ್ಯಾಂಡು ಟೊರೊಂಟೊಗೆ ಬಂದಾಗ ಅವರಿಗಿಂತ ಮುಂಚೆ ನುಡಿಸುವ ಅವಕಾಶ ಸಿಕ್ಕಿತು. ಅದರಿಂದಲೂ ದೊಡ್ಡದೇನೂ ಆಗಲಿಲ್ಲ.

ಆಲ್ಬಮ್ ಮಾಡಿದ್ದು ರಾತ್ರಿ ಹೊತ್ತು. ಬಾರಿನಲ್ಲಿ ನುಡಿಸಿ ಮುಗಿಸಿ, ಸಾಮಾನು ಎತ್ತಿಕೊಂಡು ಈಸ್ಟರ್ನ್ ಸೌಂಡ್ ಸ್ಟುಡಿಯೊಗೆ ಹೋಗುವುದು. ಆ ಹೊತ್ತಿನಲ್ಲಿ ಬಾಡಿಗೆ ಅಗ್ಗ. ಬಂದ ಧ್ವನಿ ಇವರಿಗೆ ಹಿಡಿಸಲಿಲ್ಲ. ಟೆರಿ ಬ್ರೌನ್ ಎನ್ನುವ ಇಂಗ್ಲೆಂಡಿನವನನ್ನು ಹಿಡಿದು, ಟೊರೊಂಟೊ ಸೌಂಡ್ ಎನ್ನುವ ಅವನ ಸ್ಟುಡಿಯೊದಲ್ಲಿ ಕೆಲವು ಹಾಡುಗಳನ್ನು ಮತ್ತೆ ಮಾಡಿದರು. ಮುಂದೆ ಎಷ್ಟೋ ಆಲ್ಬಮ್ಮುಗಳಿಗೆ ಅವನೇ ಜತೆಗಿದ್ದ.

ಸಾಹಿತ್ಯ ಬರೆಯುವ ಜವಾಬ್ದಾರಿ ಜಾನ್‌ದಾಗಿತ್ತು. ಬಾರುಗಳಲ್ಲಾದರೆ ಗೆಡ್ಡಿ ಬಾಯಿಗೆ ಬಂದದ್ದು ಹಾಡಿ ನಡೆಸುತ್ತಿದ್ದ, ಆ ಗಲಾಟೆಯಲ್ಲಿ ಕೇಳುವವರು ಯಾರು. ರೆಕಾರ್ಡಿಂಗ್ ದಿನ ಬಂದಾಗ ಜಾನ್ ಬರೆದದ್ದು ಯಾವುದೂ ತನಗೇ ಇಷ್ಟವಾಗಲಿಲ್ಲ ಎಂದು ಹರಿದು ಹಾಕಿದನಂತೆ. ಗೆಡ್ಡಿ ಗಡಿಬಿಡಿಯಲ್ಲಿ ಕೂತು ಸಾಲುಗಳನ್ನು ಬರೆದ. ಹಾಗಾಗಿ ಆ ಆಲ್ಬಮ್ಮಿನ ತಮ್ಮದೇ ಹಾಡುಗಳ ಕೆಳಗೆ ಕಾಣುವುದು ಲೀ, ಲೈಫ್‌ಸನ್ ಹೆಸರು ಮಾತ್ರ, ಒಂದರ ಕೆಳಗೆ ಲೀ ಒಬ್ಬನದೇ. ಈ ಕಥೆಯನ್ನು ಅಭಿಮಾನಿಗಳು ಜಾನ್‌ನ ಬೇಜವಾಬ್ದಾರಿಗೆ ಸಾಕ್ಷಿ ಎಂಬಂತೆ ಹೇಳುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ತಾನು ಬರೆದದ್ದು ಚೆನ್ನಾಗಿಲ್ಲ ಎಂದು ಇಪ್ಪತ್ತೊಂದರ ಹುಡುಗನಿಗೆ ಅನಿಸುವುದು ಸಣ್ಣ ವಿಷಯ ಅಲ್ಲ. ಬೇಕಾದರೆ ಏನೋ ಒಂದು ಕೊಟ್ಟು ಹೆಸರು ಹಾಕಿಸಿಕೊಳ್ಳಬಹುದಿತ್ತು. ಆ ಆಲ್ಬಮ್ಮಿನ ಸಾಲುಗಳನ್ನು ಕೇಳಿದವರಿಗೆ ಗೊತ್ತು, ಅಲ್ಲಿ ಏನೋ ಒಂದು ನಡೆಯುತ್ತಿತ್ತು.

ಏಳು ನಿಮಿಷದ ಹಾಡು

1974ರ ಮಾರ್ಚಿನಲ್ಲಿ ಆಲ್ಬಮ್ ಬಂತು. ಮೂನ್ ರೆಕಾರ್ಡ್ಸ್ ಒತ್ತಿಸಿದ್ದು 3,500 ತಟ್ಟೆ. ಟೊರೊಂಟೊದಲ್ಲಿ ಕೇಳುವವರಿಲ್ಲ. ಎ ಅಂಡ್ ಎಂ ಕಂಪನಿಯ ಕೆನಡಾ ಕಚೇರಿಯಲ್ಲಿದ್ದ ಬಾಬ್ ರೋಪರ್ ಅದರ ಒಂದು ಪ್ರತಿಯನ್ನು ಗಡಿಯಾಚೆ ಅಮೆರಿಕದ ಕ್ಲೀವ್‌ಲ್ಯಾಂಡಿಗೆ, ಡಬ್ಲ್ಯೂಎಂಎಂಎಸ್ ರೇಡಿಯೊದ ಡೋನಾ ಹಾಲ್ಪರ್ ಅವರಿಗೆ ಕಳಿಸಿದ. ತನ್ನ ಕಂಪನಿಗೆ ಬೇಡವಾದ ಬ್ಯಾಂಡಿನ ತಟ್ಟೆಯನ್ನು ಇನ್ನೊಬ್ಬರಿಗೆ ಕಳಿಸುವವರು ಎಷ್ಟು ಜನ ಸಿಗುತ್ತಾರೆ ಹೇಳಿ.

ಡೋನಾ ಮೊದಲು ನೋಡಿದ್ದು ಯಾವ ಹಾಡು ಉದ್ದ ಇದೆ ಎಂದು. ಉದ್ದದ ಹಾಡು ಇದ್ದರೆ ರೇಡಿಯೊದಲ್ಲಿ ಮಾತಾಡುವವರಿಗೆ ಎದ್ದು ಬಾತ್‌ರೂಮಿಗೆ ಹೋಗಿ ಬರಲು ಆಗುತ್ತದೆ. ಇದನ್ನು ಅವರೇ ನಗುತ್ತಾ ಹೇಳಿಕೊಂಡಿದ್ದಾರೆ. ಸಿಕ್ಕಿದ್ದು 'ವರ್ಕಿಂಗ್ ಮ್ಯಾನ್', ಏಳು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗಿ, ಸಂಜೆ ಮನೆಗೆ ಬಂದು ಬಿಯರ್ ತೆಗೆದು, ಬದುಕೇ ನಡೆಯುತ್ತಿಲ್ಲವಲ್ಲ ಎಂದು ಕೂರುವವನ ಹಾಡು. ಕ್ಲೀವ್‌ಲ್ಯಾಂಡ್ ಉಕ್ಕಿನ ಊರು, ಕಾರ್ಖಾನೆಗಳ ಊರು. ಹಾಡು ಹೋದ ಕೂಡಲೇ ಫೋನುಗಳು ಶುರುವಾದವು. ಇದು ಆಗಿನ ದೊಡ್ಡ ಬ್ಯಾಂಡು ಲೆಡ್ ಜೆಪಲಿನ್‌ನ ಹೊಸ ಆಲ್ಬಮ್ಮಾ ಎಂದು ಎಷ್ಟೋ ಜನ ಕೇಳಿದರು. ಅಲ್ಲ, ಕೆನಡಾದ ಹುಡುಗರು ಎಂದರು ಡೋನಾ. ಅಂಗಡಿಗಳಲ್ಲಿ ತಟ್ಟೆ ಇಲ್ಲ, ಟೊರೊಂಟೊದಿಂದ ಡಬ್ಬ ಡಬ್ಬ ತರಿಸಿದರು. ಅದನ್ನು ನೋಡಿ ಮರ್ಕ್ಯುರಿ ಕಂಪನಿ ಬ್ಯಾಂಡನ್ನು ತೆಗೆದುಕೊಂಡಿತು, ಅಮೆರಿಕ ಪ್ರವಾಸವೂ ಗೊತ್ತಾಯಿತು.

ರಶ್‌ಗೆ ಬಾಗಿಲು ತೆಗೆದದ್ದು ಈ ಹಾಡು. ಇದರಲ್ಲಿ ಡ್ರಮ್ಸ್ ಜಾನ್‌ದು.

ಜುಲೈ 1974

ಬಾಗಿಲು ತೆಗೆದ ಮೇಲೆ ಒಳಗೆ ಹೋದದ್ದು ಬೇರೆಯವನು. ಜಾನ್ ಕೊನೆಯ ಸಲ ನುಡಿಸಿದ್ದು ಜುಲೈ 25ರಂದು, ಒಂಟಾರಿಯೊದ ಲಂಡನ್ ಎಂಬ ಊರಿನಲ್ಲಿ. ಅವನಿಗೆ ಚಿಕ್ಕ ವಯಸ್ಸಿನ ಸಕ್ಕರೆ ಕಾಯಿಲೆ ಇತ್ತು. ದಿನಾ ಇನ್ಸುಲಿನ್ ಬೇಕು, ಹೊತ್ತಿಗೆ ಊಟ ಬೇಕು, ಕುಡಿತ ಕಮ್ಮಿ ಇರಬೇಕು. ತಿಂಗಳುಗಟ್ಟಲೆ ಊರಿಂದ ಊರಿಗೆ ಗಾಡಿಯಲ್ಲಿ ಹೋಗುವ ಬ್ಯಾಂಡಿನಲ್ಲಿ ಇದು ಯಾವುದೂ ಆಗುವ ಮಾತಲ್ಲ. ರುಚಿಯೂ ಬೇರೆಯಾಗಿತ್ತು. ಜಾನ್‌ಗೆ ನೇರ ರಾಕ್ ಬೇಕು. ಗೆಡ್ಡಿ, ಅಲೆಕ್ಸ್ ಆಗಲೇ ಯೆಸ್, ಜೆನೆಸಿಸ್ ಎನ್ನುವ ಇಂಗ್ಲೆಂಡಿನ ಬ್ಯಾಂಡುಗಳನ್ನು ಕೇಳಿ ಹಾಡುಗಳನ್ನು ತಿರುಚಿ ಬಗ್ಗಿಸುವ ಕಡೆ ಹೊರಟಿದ್ದರು. ಇದರಲ್ಲಿ ಯಾವುದು ಎಷ್ಟು ಕಾರಣ ಎಂದು ಬೇರೆಯವರೇ ಹೇಳಿದ್ದಾರೆ. ಜಾನ್ ತಾನಾಗಿ ಊರಿಗೆಲ್ಲ ಹೇಳಿಕೊಂಡು ತಿರುಗಿದವನಲ್ಲ.

ನಾಲ್ಕು ದಿನದ ನಂತರ, ಜುಲೈ 29ರಂದು, ನೀಲ್ ಬ್ಯಾಂಡು ಸೇರಿದ. ಅವತ್ತು ಗೆಡ್ಡಿಯ ಹುಟ್ಟುಹಬ್ಬ. ನೀಲ್ ಬಂದ ಕಥೆ ಎಲ್ಲರಿಗೂ ಬಾಯಿಪಾಠ: ಸೇಂಟ್ ಕ್ಯಾಥರೀನ್ಸ್ ಊರಿನವನು, ಇಂಗ್ಲೆಂಡಿನ ಲಂಡನ್ನಿಗೆ ಹೋಗಿ ಅದೃಷ್ಟ ನೋಡಿ ಸೋತು ಬಂದು ಅಪ್ಪನ ಕೃಷಿ ಯಂತ್ರಗಳ ವ್ಯಾಪಾರದಲ್ಲಿ ಬಿಡಿಭಾಗ ಮಾರುತ್ತಿದ್ದ, ಆಡಿಷನ್ನಿಗೆ ಬರುವಾಗ ಡ್ರಮ್ಸ್ ಸಾಮಾನನ್ನು ಕಸದ ಡಬ್ಬಗಳಲ್ಲಿ ತುಂಬಿಕೊಂಡು ಬಂದ, ಇತ್ಯಾದಿ. ಎರಡೇ ವಾರ ಅಭ್ಯಾಸ. ಆಗಸ್ಟ್ 14ರಂದು ಪಿಟ್ಸ್‌ಬರ್ಗಿನ ಸಿವಿಕ್ ಅರೀನಾದಲ್ಲಿ ಯುರಾಯ ಹೀಪ್ ಎನ್ನುವ ಬ್ಯಾಂಡಿಗಿಂತ ಮುಂಚೆ, 11,000ಕ್ಕೂ ಜಾಸ್ತಿ ಜನರ ಮುಂದೆ ನುಡಿಸಿದರು. ನುಡಿಸಿದ್ದೆಲ್ಲ ಜಾನ್ ಕಾಲದ ಹಾಡುಗಳೇ, ಬೇರೆ ಇರಲಿಲ್ಲವಲ್ಲ.

ಆ ನಡುವೆ ನಡೆದ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಕಂಪನಿ ಕೊಟ್ಟ ಮುಂಗಡದ ದುಡ್ಡು ಇಟ್ಟುಕೊಂಡು ಮೂವರೂ ಟೊರೊಂಟೊದ ಲಾಂಗ್ ಅಂಡ್ ಮೆಕ್‌ಕ್ವೇಡ್ ವಾದ್ಯದ ಅಂಗಡಿಗೆ ನುಗ್ಗಿದರು. ಗೆಡ್ಡಿಗೆ ರಿಕನ್‌ಬ್ಯಾಕರ್ ಬೇಸ್, ಅಲೆಕ್ಸ್‌ಗೆ ಹೊಸ ಗಿಟಾರ್, ನೀಲ್‌ಗೆ ಫಳಫಳ ಕ್ರೋಮಿನ ಸ್ಲಿಂಗರ್‌ಲ್ಯಾಂಡ್ ಡ್ರಮ್ಸ್. ಮಿಠಾಯಿ ಅಂಗಡಿಗೆ ಬಿಟ್ಟ ಮಕ್ಕಳ ಹಾಗೆ ಇದ್ದೆವು ಎನ್ನುವ ಧಾಟಿಯಲ್ಲಿ ಅವರು ಅದನ್ನು ನೆನೆಯುತ್ತಾರೆ, ಓದುವಾಗ ನಮಗೂ ಖುಷಿಯಾಗುತ್ತದೆ. ಆ ಮುಂಗಡ ಬಂದದ್ದು ಜಾನ್ ಬಾರಿಸಿದ ತಟ್ಟೆಗೆ. ನೀಲ್‌ನ ತಪ್ಪೇನೂ ಇಲ್ಲ, ಯಾರ ತಪ್ಪೂ ಇಲ್ಲ. ಆದರೂ ಆ ಅಂಗಡಿಯಲ್ಲಿ ಒಬ್ಬ ಇರಲಿಲ್ಲ ಎನ್ನುವುದನ್ನು ಬಿಟ್ಟು ಆ ದೃಶ್ಯ ನೋಡಲು ನನಗೆ ಆಗುವುದಿಲ್ಲ.

ಒಳ್ಳೆಯದೇ ಆಯಿತು ಅನ್ನುವವರು

'ಅವನು ಹೋಗಿದ್ದೇ ಒಳ್ಳೆಯದಾಯಿತು' ಎನ್ನುವುದು ರಶ್ ಅಭಿಮಾನಿಗಳ ಸಾಮಾನ್ಯ ಮಾತು. ಲೆಕ್ಕ ನೋಡಿದರೆ ಇಲ್ಲ ಅನ್ನಲಾಗುವುದಿಲ್ಲ. ನೀಲ್ ಡ್ರಮ್ಸ್ ಜತೆ ಪುಸ್ತಕಗಳನ್ನೂ ತಂದ. ಸಾಹಿತ್ಯ ಬರೆಯುವವರು ಯಾರೂ ಇಲ್ಲ, ನೀನು ಓದುತ್ತೀಯಲ್ಲ, ನೀನೇ ಬರಿ ಅಂದರು. 1975ರಲ್ಲಿ ಎರಡು ಆಲ್ಬಮ್ ಬಂದವು. ಎರಡನೆಯದು ನೆಲ ಕಚ್ಚಿತು. ಜನ ಸೇರದ ಆ ಪ್ರವಾಸಕ್ಕೆ ಇವರೇ 'ಮುಳುಗಿದ ಪ್ರವಾಸ' ಎನ್ನುವಂಥ ಹೆಸರಿಟ್ಟು ನಕ್ಕರು. ಚಿಕ್ಕ ಹಾಡು ಮಾಡಿ ಎಂದು ಕಂಪನಿ ಒತ್ತಾಯ ಮಾಡುತ್ತಿದ್ದಾಗ 1976ರಲ್ಲಿ '2112' ಮಾಡಿದರು. ಅದರ ಒಂದು ಇಡೀ ಬದಿ, ಸುಮಾರು ಇಪ್ಪತ್ತು ನಿಮಿಷ, ಒಂದೇ ಹಾಡು. ಅದೇ ಅವರನ್ನು ಉಳಿಸಿತು. ಜಾನ್ ಇದ್ದಿದ್ದರೆ ಇದು ಆಗುತ್ತಿರಲಿಲ್ಲ. ಒಪ್ಪಿದೆ.

ಆದರೆ ಈ ವಾದದಲ್ಲಿ ಒಂದು ಕಳ್ಳತನ ಇದೆ. ಗೆದ್ದ ಬ್ಯಾಂಡಿನ ಕಥೆಯನ್ನು ಕೊನೆಯಿಂದ ಹಿಂದಕ್ಕೆ ಓದಿ, ಮೊದಲ ಆರು ವರ್ಷವನ್ನು ನೀಲ್ ಬರುವುದಕ್ಕೆ ಕಾಯುತ್ತಿದ್ದ ಕಾಲ ಎಂದು ಮಾಡಿಬಿಡುತ್ತೇವೆ. ಯಾರೂ ಕಾಯುತ್ತಿರಲಿಲ್ಲ. ಗ್ಯಾಸ್‌ವರ್ಕ್ಸ್‌ನಲ್ಲಿ ನಾಲ್ಕನೇ ಸುತ್ತು ನುಡಿಸುತ್ತಿದ್ದ ಮೂವರಿಗೆ ಅದೇ ಬ್ಯಾಂಡು, ಅದೇ ಪೂರ್ತಿ ಬ್ಯಾಂಡು. ಜಾನ್ ಆಮೇಲೆ ದೇಹದಾರ್ಢ್ಯದ ಕಡೆ ಹೋದ, ಅಲೆಕ್ಸ್ ಜತೆ ಕೆಲವು ವರ್ಷ ಜಿಮ್ಮಿನಲ್ಲಿ ಒಡನಾಟ ಇತ್ತು. 2008ರ ಮೇ ತಿಂಗಳಲ್ಲಿ ಹೃದಯಾಘಾತದಿಂದ ತೀರಿಹೋದ, 55 ವರ್ಷ. 2013ರಲ್ಲಿ ರಶ್, ರಾಕ್ ಸಂಗೀತಗಾರರನ್ನು ಗೌರವಿಸುವ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸೇರಿದಾಗ ಪಟ್ಟಿಯಲ್ಲಿ ಮೂರು ಹೆಸರು. ಜಾನ್‌ದು ಇಲ್ಲ.

ಅಕ್ಕ ಭಾವ ನಾರ್ತ್ ಯಾರ್ಕಿನಲ್ಲಿದ್ದಾರೆ. ಅವರ ಮನೆಗೆ ಹೋಗಿದ್ದಾಗ ಯಂಗ್ ಸ್ಟ್ರೀಟ್ ಹತ್ತಿರದ ಒಂದು ಸಣ್ಣ ಪಾರ್ಕಿಗೆ ಕರೆದುಕೊಂಡು ಹೋಗಿ ಎಂದು ಭಾವನನ್ನು ಕಾಡಿದೆ. ಸುತ್ತ ಎತ್ತರದ ಅಪಾರ್ಟ್‌ಮೆಂಟುಗಳು, ನಡುವೆ ಸ್ವಲ್ಪ ಹುಲ್ಲು. ಲೀ ಲೈಫ್‌ಸನ್ ಆರ್ಟ್ ಪಾರ್ಕ್, 2016ರಲ್ಲಿ ತೆರೆದದ್ದು. 'ಇದನ್ನ ನೋಡೋಕೆ ಇಷ್ಟು ದೂರ ಬಂದ್ಯಾ? ನಾವು ದಿನಾ ಈ ಕಡೆಯಿಂದಲೇ ಓಡಾಡ್ತೀವಿ' ಎಂದರು ಭಾವ. ಈ ಬಡಾವಣೆಯ ಹುಡುಗರು ಇವರು, ದೊಡ್ಡ ಬ್ಯಾಂಡು ಎಂದು ಹೇಳಿದೆ. 'ಇಬ್ಬರೇನಾ ಬ್ಯಾಂಡಲ್ಲಿ?' ಎಂದು ಕೇಳಿದರು. ಇನ್ನೊಬ್ಬ ಸೇಂಟ್ ಕ್ಯಾಥರೀನ್ಸ್‌ನವನು, ಅವನ ಊರಿನಲ್ಲಿ ಅವನಿಗೆ ಬೇರೆ ಗೌರವ ಇದೆ ಅಂದೆ. ಇದೇ ಬಡಾವಣೆಯ ಮೂರನೆಯವನ ಬಗ್ಗೆ ಹೇಳಲು ಹೊರಟೆ. ಅಷ್ಟರಲ್ಲಿ ಅಕ್ಕನ ಫೋನ್ ಬಂತು, ಕೊತ್ತಂಬರಿ ಸೊಪ್ಪು ತರಬೇಕಿತ್ತು.

ಗುಂಪಿನ ಗೆಳೆಯರಿಗೆ ಒಂದು ಪಂದ್ಯ ಇಟ್ಟಿದ್ದೇನೆ. ಮೊದಲ ಆಲ್ಬಮ್ಮಿನ 'ವರ್ಕಿಂಗ್ ಮ್ಯಾನ್' ಕೇಳಿ. ಆಮೇಲೆ 1976ರ ಜೂನಿನಲ್ಲಿ ಟೊರೊಂಟೊದ ಮ್ಯಾಸಿ ಹಾಲ್‌ನಲ್ಲಿ ರೆಕಾರ್ಡ್ ಮಾಡಿದ ಲೈವ್ ಆಲ್ಬಮ್ಮಿನಲ್ಲಿ ಅದೇ ಹಾಡು ಕೇಳಿ. ಎರಡನೆಯದರಲ್ಲಿ ನೀಲ್ ಎಲ್ಲ ಕಡೆ ಇದ್ದಾನೆ, ಬೆರಗಾಗುತ್ತದೆ. ಮೊದಲನೆಯದರಲ್ಲಿ ಜಾನ್ ಸುಮ್ನೆ ಹೆಜ್ಜೆ ಹಾಕುತ್ತಾನೆ, ಭಾರವಾಗಿ, ದಿನಾ ಕಾರ್ಖಾನೆಗೆ ಹೋಗಿ ಬರುವವನ ಹೆಜ್ಜೆ. ಗಿಟಾರ್ ಎಷ್ಟು ಓಡಿದರೂ ಅವನು ಓಡುವುದಿಲ್ಲ. ಈ ಒಂದು ಹಾಡಿನ ಮಟ್ಟಿಗೆ ಜಾನ್‌ನದೇ ಸರಿ ಎನ್ನುವುದು ನನ್ನ ಪಕ್ಷ. ಇಬ್ಬರು ಒಪ್ಪಿಲ್ಲ, ಒಬ್ಬ ಇನ್ನೂ ಕೇಳಿಲ್ಲ, ಆ ಸೀನಿಯರ್ ಮಾತ್ರ ಗುಂಪು ಬಿಟ್ಟು ಹೋಗಿದ್ದಾರೆ.